ಜೋಳಿಗೆಗೆ ಹಾಕಲಾಗದ ಚಟ



ಕುಷ್ಟಗಿಯ ನೆರೆಯ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಕುಡಿತ, ಬೀಡಿ, ಗುಟ್ಕಾಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಅಂದು ವೇದಿಕೆಯ ಮೇಲೆ ಸಾರಾಯಿ, ತಂಬಾಕಿನ ಭಾಷಣ. ಕೆಳಗೆ ಕೂತ ಹುಡುಗರ ಕೈಯಲ್ಲಿ ಮೊಬೈಲ್ ಆಟ!

ಮೊಬೈಲನ್ನು ಜೋಳಿಗೆಗೆ ಹಾಕಿಸಿದರೆ ಮುಗಿಯಿತೇ? ಪಾಠ, ಫಲಿತಾಂಶ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಅದರಲ್ಲೇ ಇವೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ನಿಷೇಧಿಸಿತು. ಹುಡುಗರು ಬೇರೆ ಆಟಕ್ಕೆ ಹೋದರು. 2025ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಒಳ್ಳೆಯದೇ. ಆದರೆ ಹುಡುಗನ ಮನಸ್ಸಿನೊಳಗಿನ ಖಾಲಿತನಕ್ಕೆ ಕಾಯ್ದೆಯಲ್ಲಿ ಮದ್ದಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೇನು? ಫೋನ್ ಕಸಿದು ಒಡೆಯುವುದು, ಬಡಿಯುವುದು, ತಾಯತ ಕಟ್ಟಿಸುವುದು, ಕೊನೆಗೆ ಸ್ವಾಮಿಗಳ ಮುಂದೆ ನಿಲ್ಲಿಸಿ ಆಣೆ ಮಾಡಿಸುವುದು. ಕೊರಳಲ್ಲಿ ಇಷ್ಟಲಿಂಗ ಧರಿಸಿದವರ ಮಗನಿಗೆ ತಾಯತವೇಕೆ? ಆಣೆ ಮುರಿದ ಹುಡುಗ ಆಟದ ಜೊತೆಗೆ ಸುಳ್ಳನ್ನೂ ಕಲಿಯುತ್ತಾನೆ.

ಆಡುವವರೆಲ್ಲ ರೋಗಿಗಳಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಉಳಿದೆಲ್ಲಕ್ಕಿಂತ ಆಟವೇ ದೊಡ್ಡದಾಗಿ, ನಷ್ಟವಾದರೂ ಬಿಡಲಾಗದ ಸ್ಥಿತಿ ಸಾಮಾನ್ಯವಾಗಿ 12 ತಿಂಗಳು ಮುಂದುವರಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎನ್ನುತ್ತದೆ. 2022ರ ಜನವರಿಯಿಂದ ಈ ವರ್ಗೀಕರಣ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕೆಂದು 'ಶಟ್' ಕ್ಲಿನಿಕ್ ತೆರೆಯಿತು.

ಒಳ್ಳೆಯ ಆಪ್ತಸಮಾಲೋಚಕ ಮೊದಲು 'ಎಷ್ಟು ಹೊತ್ತು ಆಡ್ತಿ?' ಎಂದು ಗದರಿಸುವುದಿಲ್ಲ. 'ಆಟದಲ್ಲಿ ನಿನಗೇನು ಸಿಗ್ತದ?' ಎಂದು ಕೇಳುತ್ತಾನೆ. ಯಲಬುರ್ಗಾ, ಕುಷ್ಟಗಿ ಕಡೆಯಿಂದ ಗುಳೆ ಹೋದ ತಂದೆತಾಯಿಯ ಮಗ ಅಜ್ಜಿಯ ಬಳಿ ಒಬ್ಬನೇ ಇರಬಹುದು. ಗಂಗಾವತಿಯಲ್ಲಿ ಕಾಲೇಜಿಗೆ ಸೇರಿದವನಿಗೆ ಇಂಗ್ಲಿಷ್ ಪಾಠ ತಲೆಗೆ ಹತ್ತದೆ ನಾಚಿಕೆಯಾಗಿರಬಹುದು. ಕಾರಣ ತಿಳಿದ ಮೇಲೆ ಹುಡುಗನೇ ತನ್ನ ಆಟದ ವೇಳೆಯನ್ನು ಬರೆದಿಡುತ್ತಾನೆ. ಹಂತಹಂತವಾಗಿ ಕಡಿಮೆ ಮಾಡುತ್ತಾನೆ. ಆ ಹೊತ್ತಿಗೆ ಕಬಡ್ಡಿ, ಈಜು, ಹೊಲದ ಕಾಯಕ ಬರುತ್ತದೆ. ರಾತ್ರಿ ಫೋನ್ ಮಲಗುವ ಕೋಣೆಯ ಹೊರಗೆ, ಅಪ್ಪನದೂ ಸಹ. ತಾನು ರೀಲ್ಸ್ ನೋಡುತ್ತ ಮಗನಿಗೆ ಬುದ್ಧಿ ಹೇಳುವ ತಂದೆಯ ಮಾತಿಗೆ ಬೆಲೆ ಎಲ್ಲಿಯದು? ನುಡಿದಂತೆ ನಡೆಯುವುದು ಶರಣಧರ್ಮ.

'ಅದು ಹುಚ್ಚರ ದವಾಖಾನೆ, ನಾಳೆ ಲಗ್ನಕ್ಕೆ ತೊಂದರೆ' ಎನ್ನುವವರಿದ್ದಾರೆ. ಜ್ವರ ಬಂದರೆ ದವಾಖಾನೆಗೆ ಹೋಗುವವರು ಮನಸ್ಸು ಸೋತರೆ ಮುಚ್ಚಿಡುವುದೇಕೆ? ಹುಡುಗ ಸಾಯುವ ಮಾತಾಡಿದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಮಠಗಳಿಗೆ ನೇರವಾದ ಮಾತು. ಅನ್ನ, ಅಕ್ಷರ ಕೊಟ್ಟ ಮಠಗಳು ಹುಡುಗರ ಮಾತಿಗೆ ಕಿವಿಯನ್ನೂ ಕೊಡಬೇಕು. ಪ್ರಸಾದ ನಿಲಯವಿರುವ ಪ್ರತಿ ಮಠ ಒಂದು ಕೋಣೆ ಬಿಟ್ಟುಕೊಡಲಿ. ವಾರಕ್ಕೊಮ್ಮೆ ತರಬೇತಿ ಪಡೆದ ಸಮಾಲೋಚಕರನ್ನು ಕರೆಸಲಿ. ಅಲ್ಲಿ ಆಡಿದ ಮಾತು ಹೊರಬೀಳದಿರಲಿ. 14416 ಗೋಡೆಯ ಮೇಲೆ ದೊಡ್ಡದಾಗಿ ಬರೆಸಲಿ. ಜಾತ್ರೆಯನ್ನೇ ಸಾಮಾಜಿಕ ಜಾಗೃತಿಗೆ ಬಳಸಿದ ಕೊಪ್ಪಳದ ಗವಿಮಠದ ನೆಲದಲ್ಲಿ ಇದು ಅಸಾಧ್ಯವೇ?

ಅನುಭವ ಮಂಟಪದಲ್ಲಿ ಎಲ್ಲರಿಗೂ ಮಾತಾಡುವ ಹಕ್ಕಿತ್ತು. ಹದಿನೈದರ ಹುಡುಗನಿಗೂ ಅದನ್ನು ಕೊಡೋಣ. ಬರುವ ಆಗಸ್ಟ್ 1ರಂದು ಭಾಷಣ ಕಡಿಮೆಯಾಗಲಿ, ಆ ಕೋಣೆಯ ಬಾಗಿಲು ತೆರೆಯಲಿ.