ಕಿಲುಬು ಕೊಳೆಯಲ್ಲ

ಮಣ್ಣಿನಿಂದ ಎದ್ದ ಹಳೆಯ ನಾಣ್ಯವನ್ನು ಹುಣಸೆಹಣ್ಣು ಹಚ್ಚಿ ಬೆಳಗಬೇಕೆಂಬ ಸಲಹೆ ಈಗ ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತಿದೆ. ಲೋಹಶೋಧಕ ಯಂತ್ರವನ್ನು ಯಾರು ಬೇಕಾದರೂ ಕೊಳ್ಳಬಹುದಾದ ಕಾಲವಿದು. ಅರಸೀಕೆರೆ, ಬೇಲೂರು, ಹಳೇಬೀಡುಗಳಂತಹ ನೆಲದಲ್ಲಿ ಇದು ಕ್ಷುಲ್ಲಕ ಪ್ರಶ್ನೆಯಲ್ಲ. ಬೆಳಗುವ ಪಕ್ಷದವರ ವಾದ ಸರಳವಾಗಿದೆ: ಓದಲಾಗದ ನಾಣ್ಯ ಇತಿಹಾಸಕ್ಕೆ ಮೂಕಸಾಕ್ಷಿ, ತೊಳೆದರೆ ತಾನೇ ಅದು ಮಾತಾಡುವುದು? ಮೇಲ್ನೋಟಕ್ಕೆ ಸಮಂಜಸವೆನಿಸುವ ಈ ವಾದ ಪರಿಶೀಲನೆಗೆ ನಿಲ್ಲುವುದಿಲ್ಲ.

ಮೊದಲಿಗೆ ಚಿನ್ನವನ್ನೇ ನೋಡೋಣ. ವಿಷ್ಣುವರ್ಧನನ ಹೊನ್ನಿನ ನಾಣ್ಯಗಳ ಮೇಲೆ 'ಶ್ರೀ ತಳಕಾಡುಗೊಂಡ' ಎಂಬ ಕನ್ನಡ ಬರೆಹವಿದೆ. 1116ರ ಸುಮಾರಿನ ಆ ವಿಜಯದ ಸೇನಾನಿ ಜಿನಭಕ್ತನಾದ ಗಂಗರಾಜ. ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಹಳೇಬೀಡಿನಲ್ಲಿ ಇಂದಿಗೂ ನಿಂತಿದೆ. ಸುಮಾರು ನಾಲ್ಕು ಗ್ರಾಂ ತೂಕದ ಬಿಲ್ಲೆಯ ಮೇಲಿನ ಮೂರು ಸಾಲು, ಶಾಸನ ಮತ್ತು ಬಸದಿಗಳ ಜೊತೆ ಹೀಗೆ ಒಂದೇ ಕಥನದಲ್ಲಿ ಸೇರುತ್ತದೆ. ಚಿನ್ನಕ್ಕೆ ಕಿಲುಬು ಹಿಡಿಯದು. ಆದ್ದರಿಂದ ಅದನ್ನು ಉಜ್ಜುವ ಅಗತ್ಯವೇ ಇಲ್ಲ. ಉಜ್ಜಿದರೆ ಸವೆಯುವುದು ಮೆತ್ತನೆಯ ಚಿನ್ನದ ಮೇಲೆ ಉಬ್ಬಿ ನಿಂತ ಅಕ್ಷರಗಳೇ.

ತಾಮ್ರ, ಬೆಳ್ಳಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ತಾಮ್ರದ ಮೇಲಿನ ಹಸಿರು, ಕಂದು ಪದರ ಹೊರಗಿನಿಂದ ಬಂದು ಅಂಟಿಕೊಂಡ ಕೊಳೆಯಲ್ಲ. ನಾಣ್ಯದ ಲೋಹವೇ ಶತಮಾನಗಳ ಕಾಲ ಮಣ್ಣು, ನೀರು, ಗಾಳಿಗಳೊಡನೆ ಬೆರೆತು ತಳೆದ ರೂಪ. ಎಷ್ಟೋ ವೇಳೆ ಟಂಕಸಾಲೆಯಲ್ಲಿ ಒತ್ತಿದ ಅಕ್ಷರದ ಅಂಚು ಉಳಿದಿರುವುದು ಆ ಪದರದಲ್ಲಿಯೇ. ಹುಣಸೆ, ನಿಂಬೆಗಳ ಆಮ್ಲ ಪದರವನ್ನು ಕರಗಿಸಿದಾಗ ಅಕ್ಷರವೂ ಅದರೊಡನೆ ಕರಗುತ್ತದೆ. ಮಿಶ್ರಲೋಹದ ನಾಣ್ಯವಾದರೆ ಆಮ್ಲವು ಮೇಲ್ಮೈಯ ತಾಮ್ರವನ್ನು ಹೀರಿಕೊಂಡು, ಮುಂದೆ ಲೋಹಪರೀಕ್ಷೆ ಮಾಡುವವರಿಗೆ ತಪ್ಪು ಪ್ರಮಾಣವನ್ನು ತೋರಿಸುತ್ತದೆ. ನಾಣ್ಯವನ್ನೇ ತಿಂದುಹಾಕುವ ತಿಳಿಹಸಿರು ಪುಡಿಯಂಥ ಕಿಲುಬೂ ಉಂಟು, ನಿಜ. ಅದಕ್ಕೆ ಚಿಕಿತ್ಸೆ ಸಂರಕ್ಷಣಾ ಪ್ರಯೋಗಾಲಯದಲ್ಲಿ, ಸೂಕ್ಷ್ಮದರ್ಶಕದ ಕೆಳಗೆ ನಡೆಯಬೇಕೇ ಹೊರತು ಅಡುಗೆಮನೆಯಲ್ಲಿ ಅಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಓಲೆಗರಿಗೆ ಮಸಿ ಸವರಿ ಓದುವ ನಾವು ನಾಣ್ಯ ತೊಳೆಯುವುದನ್ನು ಆಕ್ಷೇಪಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಮಸಿ ಕಂಟದ ಗೆರೆಯನ್ನು ತುಂಬುತ್ತದೆ, ಕೆರೆಯುವುದಿಲ್ಲ. ಶಾಸನದ ಮೇಲೆ ಕಾಗದವೊತ್ತಿ ಅಚ್ಚು ತೆಗೆಯುವವನು ಕಲ್ಲನ್ನು ಉಳಿಯಿಂದ ತಿದ್ದುವುದಿಲ್ಲ. ಕ್ಲಿಷ್ಟಪಾಠ ಎದುರಾದಾಗ ಗ್ರಂಥಸಂಪಾದಕ ತನ್ನ ಊಹೆಯನ್ನು ಅಡಿಟಿಪ್ಪಣಿಯಲ್ಲಿ ಇಡುತ್ತಾನೆ; ಮೂಲಪ್ರತಿಯನ್ನು ಅಳಿಸಿ ಬರೆಯುವುದಿಲ್ಲ. ನಾಣ್ಯವೂ ಒಂದು ಪಠ್ಯ. ಅದಕ್ಕೆ ಈ ಶಿಸ್ತು ಏಕೆ ಸಲ್ಲಬಾರದು?

ಆದರೆ ತೊಳೆಯಬೇಕೇ ಬೇಡವೇ ಎಂಬ ಚರ್ಚೆ ಅದಕ್ಕಿಂತ ದೊಡ್ಡ ನಷ್ಟವೊಂದನ್ನು ಮರೆಮಾಚುತ್ತದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ 1947ರಲ್ಲಿ ವ್ಹೀಲರ್ ನಡೆಸಿದ ಉತ್ಖನನದಲ್ಲಿ ರೋಮಿನ ತಿಬೇರಿಯಸನ ಬೆಳ್ಳಿ ನಾಣ್ಯ ದೊರೆಯಿತು. ಅದು ಯಾವ ಸ್ತರದಲ್ಲಿ, ಯಾವ ಮಡಕೆಚೂರುಗಳ ಜೊತೆಗಿತ್ತು ಎಂಬುದು ದಾಖಲಾದುದರಿಂದಲೇ ಆ ಸ್ತರದ ಕಾಲನಿರ್ಣಯಕ್ಕೆ ಆಧಾರವಾಯಿತು. ಅದೇ ನಾಣ್ಯವನ್ನು ಯಂತ್ರದ ಸದ್ದಿಗೆ ಕಿವಿಗೊಟ್ಟು ಯಾರೋ ಕಿತ್ತು ಜೇಬಿಗಿಳಿಸಿದ್ದರೆ ಉಳಿಯುತ್ತಿದ್ದುದು ಒಂದಿಷ್ಟು ಬೆಳ್ಳಿ ಮಾತ್ರ. ಹೊಯ್ಸಳ ನಾಡಿನಲ್ಲಿ ನಿಂತಿರುವ ಬಸದಿಗಳಿಗಿಂತ ನೆಲಸಮವಾದ ಬಸದಿಗಳ ಚರಿತ್ರೆಯೇ ಹೆಚ್ಚು ಅಸ್ಪಷ್ಟ. ಅಂಥ ಒಂದು ತಳಪಾಯದಡಿಯ ನಾಣ್ಯವನ್ನು ಅಲ್ಲಿಂದ ಎತ್ತಿದರೆ ಆ ಕಟ್ಟಡಕ್ಕೆ ಉಳಿದಿದ್ದ ಏಕೈಕ ಕಾಲಸೂಚಿಯನ್ನೇ ಕಳೆದಂತಾಗಬಹುದು.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತು ದೊರೆತರೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ತತ್ತ್ವ 1878ರ ನಿಧಿ ಕಾಯ್ದೆಯಷ್ಟು ಹಳೆಯದು. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಇದನ್ನು ಅರಿತೂ 'ಹವ್ಯಾಸ' ಎನ್ನುವುದು ನಿಧಿಗಳ್ಳತನಕ್ಕೆ ತೊಡಿಸಿದ ಸಭ್ಯ ಉಡುಪು.

ಈ ಮಾತನ್ನು ಅನ್ಯರಿಗಷ್ಟೇ ಹೇಳಿ ಸುಮ್ಮನಾಗುವಂತಿಲ್ಲ. ನಮ್ಮ ಬಸದಿಗಳಲ್ಲಿ ಹಬ್ಬಹಬ್ಬಕ್ಕೂ ಬೆಳಗಿಸಿಕೊಂಡ ಲೋಹದ ಜಿನಬಿಂಬಗಳನ್ನು ಗಮನಿಸಿ. ಎಷ್ಟೋ ಪೀಠಗಳಲ್ಲಿ ದಾನಿಯ ಹೆಸರು, ಗುರುವಿನ ಗಣಗಚ್ಛ, ತಿಥಿ ಎಲ್ಲವೂ ಸವೆದುಹೋಗಿವೆ. ಭಕ್ತಿಯಿಂದ ಉಜ್ಜಿದರೂ ಅಕ್ಷರ ಅಳಿಯುತ್ತದೆ. ಪೂಜೆಯಲ್ಲಿರುವ ಬಿಂಬವನ್ನು ಶುಚಿಯಾಗಿಡುವುದು ಶ್ರಾವಕರ ಧರ್ಮವೇ ಸರಿ. ಅದಕ್ಕೆ ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು.

ಉಳುವಾಗಲೋ ಪಾಯ ತೋಡುವಾಗಲೋ ನಾಣ್ಯವೊಂದು ತಾನಾಗಿ ಕಾಣಿಸಿಕೊಂಡರೆ ಕರ್ತವ್ಯ ಸ್ಪಷ್ಟ. ಅಗೆತ ನಿಲ್ಲಿಸಿ, ಸ್ಥಳದ ಚಿತ್ರ ತೆಗೆದು, ಆಳವನ್ನು ಗುರುತಿಸಿ, ತಹಸೀಲ್ದಾರರಿಗೂ ಪುರಾತತ್ತ್ವ ಇಲಾಖೆಗೂ ತಿಳಿಸಬೇಕು. ನಾಣ್ಯವನ್ನು ಮಣ್ಣುಸಹಿತ ಒಪ್ಪಿಸಬೇಕು. ಇನ್ನು ಯಂತ್ರ ಹಿಡಿದು ಹುಡುಕಿ ಅಗೆಯುವವರಿಗೆ ಹೇಗೆ ತೊಳೆಯಬೇಕೆಂಬ ಸಲಹೆಯನ್ನು ವಿದ್ವಾಂಸರಾದವರು ಕೊಡಕೂಡದು. ಅಗೆಯಬೇಡಿ ಎಂಬುದೊಂದೇ ಅವರಿಗೆ ಸಲ್ಲುವ ಉತ್ತರ.