ಕುಂಟುವ ಮಗು, ಓದಲಾಗದ ಕಾಗದ

ಹತ್ತರಿಂದ ಹದಿನಾರು ವಯಸ್ಸಿನ ಮಕ್ಕಳು ಮೊಣಕಾಲು ನೋವೆಂದರೆ ಹಿರಿಯರಾದ ನಾವು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆಟದಲ್ಲಿ ಬಿದ್ದಿರಬೇಕು, ಬೆಳೆಯುವ ವಯಸ್ಸಿನ ನೋವಿರಬೇಕು, ಡ್ರಿಲ್ ತಪ್ಪಿಸುವ ಉಪಾಯವಿರಬೇಕು ಎಂದು ತೀರ್ಮಾನಿಸಿಬಿಡುತ್ತೇವೆ. ಬಹಳ ಸಲ ಈ ತೀರ್ಮಾನ ಸರಿಯೂ ಆಗಿರುತ್ತದೆ. ಆದರೆ ವಾರಗಟ್ಟಲೆ ಬಿಡದ ನೋವು, ಕುಂಟುನಡೆ, ನಡೆಯುವಾಗ ಹೊರಕ್ಕೆ ತಿರುಗುವ ಪಾದ, ಇವು ಕೂಡಿ ಬಂದಲ್ಲಿ ರೋಗ ಮೊಣಕಾಲಿನದಲ್ಲ, ಸೊಂಟದ ಕೀಲಿನದು ಎಂಬ ಶಂಕೆ ಮೂಡಬೇಕು.

ದಿನಪತ್ರಿಕೆಯ ಅಗ್ರಲೇಖನಕ್ಕೆ ಇದು ವಿಷಯವೇ ಎಂದು ಓದುಗರು ಕೇಳಬಹುದು. ಗಡಿನಾಡಿನ ಕನ್ನಡ ಮನೆಗಳಿಗೆ ಇದು ವೈದ್ಯಕೀಯದ ಪ್ರಶ್ನೆ ಮಾತ್ರವಲ್ಲ, ಭಾಷೆಯ ಪ್ರಶ್ನೆಯೂ ಹೌದು. ಕಾಸರಗೋಡಿನ ನಮಗೂ, ಆಂಧ್ರದಲ್ಲುಳಿದ ರಾಯದುರ್ಗ, ಮಡಕಶಿರಾಗಳ ಕನ್ನಡಿಗರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಮೊದಲು ರೋಗವೇನೆಂದು ತಿಳಿಯೋಣ. ತೊಡೆಯೆಲುಬಿನ ಮೇಲ್ತುದಿಯಲ್ಲಿ ಚೆಂಡಿನಂಥ ತಲೆಯೊಂದಿದೆ. ಬೆಳೆಯುವ ಮಕ್ಕಳಲ್ಲಿ ಈ ತಲೆಗೂ ಅದರ ಕುತ್ತಿಗೆಗೂ ನಡುವೆ ಮೃದುವಾದೊಂದು ಪದರವಿರುತ್ತದೆ. ಎಲುಬು ಬೆಳೆಯುವುದು ಆ ಪದರದಿಂದ. ಮಗು ಭರದಿಂದ ಬೆಳೆಯುವ ವರ್ಷಗಳಲ್ಲಿ ಈ ಪದರ ಸೋತರೆ, ತಲೆ ಗುಳಿಯಲ್ಲೇ ಉಳಿದು ಕುತ್ತಿಗೆ ಮುಂದಕ್ಕೂ ಮೇಲಕ್ಕೂ ಜಾರುತ್ತದೆ. ವೈದ್ಯರು ಇದನ್ನು ಸ್ಲಿಪ್ಡ್ ಕ್ಯಾಪಿಟಲ್ ಫೀಮೋರಲ್ ಎಪಿಫಿಸಿಸ್ ಎನ್ನುತ್ತಾರೆ. ಹುಡುಗಿಯರಿಗಿಂತ ಹುಡುಗರಲ್ಲಿ ಹೆಚ್ಚು; ಮೈಭಾರ ಹೆಚ್ಚಿದ ಮಕ್ಕಳಲ್ಲಿ ಇನ್ನೂ ಹೆಚ್ಚು. ಥೈರಾಯ್ಡ್ ಕೊರತೆ, ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಸಪೂರ ಮೈಯವರಿಗೂ ಬರಬಹುದು. ಹತ್ತು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡರೆ ಇಂಥ ಮೂಲವನ್ನು ಹುಡುಕಲೇಬೇಕು.

ಕೀಲು ಮೇಲಿದ್ದರೂ ನೋವು ತೊಡೆಯಲ್ಲೋ ಮೊಣಕಾಲಲ್ಲೋ ಕಾಣಿಸಿಕೊಳ್ಳುವುದೇ ಈ ರೋಗದ ಮೋಸ. ಎರಡೂ ಕಡೆಗೆ ಹೋಗುವ ನರಗಳು ಒಂದೇ ಆದುದರಿಂದ ಹೀಗಾಗುತ್ತದೆ. ಮೊಣಕಾಲಿನ ಎಕ್ಸ್‌ರೇ ತೆಗೆಸಿ, ಏನೂ ಇಲ್ಲವೆಂದು ಸಮಾಧಾನಪಟ್ಟು, ಎಣ್ಣೆ ತಿಕ್ಕಿಸುತ್ತ ತಿಂಗಳುಗಳು ಕಳೆಯುತ್ತವೆ. ಅನಂತಪುರ ಸೀಮೆಯವರಿಗೆ ಆಂಧ್ರದ ಪುತ್ತೂರಿನ ಕಟ್ಟು ಹೆಸರುವಾಸಿ. ಅದು ನಮ್ಮ ದಕ್ಷಿಣ ಕನ್ನಡದ ಪುತ್ತೂರಲ್ಲ. ನಮ್ಮಲ್ಲಿಯೂ ಉಳುಕು ತೆಗೆಯುವವರಿದ್ದಾರೆ. ಅವರ ಕೈಗುಣದ ಬಗ್ಗೆ ನಮಗೆ ವಾದವಿಲ್ಲ. ಆದರೆ ಜಾರುತ್ತಿರುವ ಕೀಲನ್ನು ಎಳೆದು ತಿರುಚಿದರೆ ಅರ್ಧ ಜಾರಿದ್ದು ಪೂರ್ತಿ ಜಾರಬಹುದು. ಸೊಂಟದ ಎರಡೂ ಕೀಲುಗಳ ಎಕ್ಸ್‌ರೇಯನ್ನು ಮುಂದಿನಿಂದಲೂ ಪಕ್ಕದಿಂದಲೂ ತೆಗೆಸುವುದೇ ಸರಿಯಾದ ಮೊದಲ ಹೆಜ್ಜೆ. ರೋಗ ಖಚಿತವಾದ ಗಳಿಗೆಯಿಂದ ಮಗು ಆ ಕಾಲನ್ನು ನೆಲಕ್ಕೆ ಊರಬಾರದು. ಗಾಲಿಕುರ್ಚಿಯಲ್ಲೋ ಸ್ಟ್ರೆಚರಿನಲ್ಲೋ ನೇರವಾಗಿ ಎಲುಬು ಶಸ್ತ್ರಚಿಕಿತ್ಸಕರ ಬಳಿಗೆ ಸಾಗಿಸಬೇಕು.

ಗುಳಿಗೆಯಿಂದಾಗಲಿ ವಿಶ್ರಾಂತಿಯಿಂದಾಗಲಿ ಇದು ಗುಣವಾಗುವುದಿಲ್ಲ. ಹಿಂದೆ ಸೊಂಟದಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಿ ಮಲಗಿಸುವ ಕ್ರಮವಿತ್ತು. ತೊಂದರೆಗಳೇ ಹೆಚ್ಚೆಂದು ಕಂಡು ಅದನ್ನು ಕೈಬಿಡಲಾಗಿದೆ. ಉಳಿದಿರುವುದು ಶಸ್ತ್ರಚಿಕಿತ್ಸೆ. ಯಾವ ಬಗೆಯದು ಎಂಬುದು ಮುಖ್ಯವಾಗಿ ಎರಡು ಸಂಗತಿಗಳನ್ನು ಅವಲಂಬಿಸಿದೆ. ಊರುಗೋಲು ಹಿಡಿದಾದರೂ ಮಗು ಆ ಕಾಲಿನಲ್ಲಿ ನಡೆಯಬಲ್ಲುದೇ ಎಂಬುದು ಒಂದು. ತಲೆ ಎಷ್ಟು ಜಾರಿದೆ ಎಂಬುದು ಇನ್ನೊಂದು.

ನಡೆಯಬಲ್ಲ ಮಗುವಿಗೆ, ಜಾರಿಕೆ ಅಲ್ಪವಾಗಿದ್ದಲ್ಲಿ, ಚಿಕಿತ್ಸೆ ಸರಳ. ತಲೆಯನ್ನು ಇದ್ದಲ್ಲೇ ಬಿಟ್ಟು, ಎಕ್ಸ್‌ರೇ ಪರದೆಯನ್ನು ನೋಡುತ್ತ, ಸಣ್ಣ ಗಾಯದ ಮೂಲಕ ಒಂದು ತಿರುಪುಮೊಳೆಯನ್ನು ಕುತ್ತಿಗೆಯಿಂದ ತಲೆಯೊಳಕ್ಕೆ ಸೇರಿಸುತ್ತಾರೆ. ಪದರ ಮುಚ್ಚಿಕೊಂಡು ಎಲುಬು ಒಂದಾಗುತ್ತದೆ, ಜಾರಿಕೆ ನಿಲ್ಲುತ್ತದೆ. ಕೆಲವು ವಾರ ಊರುಗೋಲು ಬೇಕು. ಕಾಲು ತುಸು ಗಿಡ್ಡವಾಗಬಹುದು. ಆದರೆ ಮಗು ನಡೆಯುತ್ತದೆ, ಶಾಲೆಗೆ ಬರುತ್ತದೆ.

ಕಾಲೂರಲಾಗದ ಮಗುವಿನ ಸ್ಥಿತಿ ಬೇರೆ. 1993ರಲ್ಲಿ ಅಮೇರಿಕದ ಲೋಡರ್ ಮತ್ತು ಸಂಗಡಿಗರು ಇಂಥ 55 ಕೀಲುಗಳ ವಿವರ ಪ್ರಕಟಿಸಿದರು. ಕಾಲೂರಲಾಗದವರ 30 ಕೀಲುಗಳ ಪೈಕಿ 14ರಲ್ಲಿ ರಕ್ತ ಸಂಚಾರ ನಿಂತು ತಲೆಯ ಎಲುಬು ಸತ್ತಿತ್ತು. ನಡೆಯಬಲ್ಲವರ 25ರಲ್ಲಿ ಒಂದಕ್ಕೂ ಹಾಗಾಗಿರಲಿಲ್ಲ. ಆದುದರಿಂದ ಇದು ತುರ್ತು ಪ್ರಕರಣ. ಬಲಾತ್ಕಾರವಾಗಿ ಎಳೆಯದೆ, ತಲೆ ತಾನಾಗಿ ಎಷ್ಟು ಕೂಡುವುದೋ ಅಷ್ಟಕ್ಕೇ ಕೂಡಿಸಿ ಮೊಳೆ ಹಾಕುವುದು ಒಂದು ಕ್ರಮ. ಕೀಲಿನೊಳಗೆ ಸೇರಿದ ರಕ್ತವನ್ನು ಹೊರಬಿಟ್ಟು ಒತ್ತಡ ತಗ್ಗಿಸುವುದೂ ಉಂಟು.

ಜಾರಿಕೆ ಬಹಳವಾಗಿದ್ದರೆ ಇರುವ ದಾರಿಗಳು ಕಠಿಣ. ಇದ್ದಲ್ಲೇ ಮೊಳೆ ಹಾಕಿ, ಮುಂದೆ ಎಲುಬು ತಗಲಿ ನೋಯತೊಡಗಿದರೆ ಉಬ್ಬನ್ನು ಕೆತ್ತುವುದು ಒಂದು. ಕೀಲಿನ ಕೆಳಗೆ ತೊಡೆಯೆಲುಬನ್ನು ಕತ್ತರಿಸಿ ತಿರುಗಿಸಿ ಜೋಡಿಸುವುದು ಎರಡನೆಯದು. ಜರ್ಮನಿಯ ಇಮ್‌ಹಾಯ್ಸರ್, ಅಮೇರಿಕದ ಸೌತ್‌ವಿಕ್ ಎಂಬವರ ಹೆಸರಿನಲ್ಲಿ ಈ ಕ್ರಮಗಳು ಬಳಕೆಯಲ್ಲಿವೆ. ಮೂರನೆಯದು, ಕೀಲನ್ನೇ ತೆರೆದು, ರಕ್ತನಾಳಗಳನ್ನು ಕಾಪಾಡಿಕೊಂಡು, ತಲೆಯನ್ನು ಅದರ ನಿಜಸ್ಥಾನದಲ್ಲಿ ಕೂರಿಸುವುದು. ಬ್ರಿಟನ್ನಿನ ಡನ್ 1964ರಲ್ಲಿ ವಿವರಿಸಿದ ಈ ಚಿಕಿತ್ಸೆಯನ್ನು ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಗಾಂಜ್ ಮತ್ತು ಸಂಗಡಿಗರು ಸುಧಾರಿಸಿದರು. ಯಶಸ್ವಿಯಾದರೆ ಕೀಲು ಸ್ವಾಭಾವಿಕ ಆಕಾರಕ್ಕೆ ಬರುತ್ತದೆ, ಕೈತಪ್ಪಿದರೆ ತಲೆಯೇ ಸಾಯುತ್ತದೆ. ಪಳಗಿದ ಕೈಗಳಿಗೆ ಮಾತ್ರ ಒಪ್ಪಿಸಬೇಕಾದ ಕೆಲಸವಿದು.

ಇನ್ನೊಂದು ಮಾತು. ಐವರಲ್ಲಿ ಒಬ್ಬರಿಗಾದರೂ ಮತ್ತೊಂದು ಪಕ್ಕದ ಕೀಲೂ ಜಾರುತ್ತದೆ. ಆದುದರಿಂದ ಕೆಲವು ವೈದ್ಯರು ಮುಂಜಾಗ್ರತೆಯಾಗಿ ಅದಕ್ಕೂ ಮೊಳೆ ಹಾಕುತ್ತಾರೆ, ಕೆಲವರು ಎಕ್ಸ್‌ರೇ ತೆಗೆಯುತ್ತ ಕಾಯುತ್ತಾರೆ. ಎಳೆಯ ವಯಸ್ಸಿನವರಿಗೂ ಥೈರಾಯ್ಡ್ ಮೊದಲಾದ ದೋಷವಿದ್ದವರಿಗೂ ಹಾಕುವುದೇ ಮೇಲೆಂಬ ಅಭಿಪ್ರಾಯ ಬಲವಾಗಿದೆ.

ಇಷ್ಟು ವಿವರ ಬರೆದುದಕ್ಕೆ ಕಾರಣವುಂಟು. ಈ ಆಯ್ಕೆಗಳಲ್ಲಿ ಒಂದಕ್ಕೆ ರುಜು ಹಾಕಬೇಕಾದವರು ಹೆತ್ತವರು. ಅದೂ ಕೆಲವೇ ಗಂಟೆಗಳ ಒಳಗೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಅಂದು ಆಂಧ್ರಕ್ಕೆ ಸೇರಿತು. ಇಂದಿಗೂ ಬಳ್ಳಾರಿ ಅಲ್ಲಿಂದ ಸುಮಾರು 50 ಕಿಲೋಮೀಟರು. ಜಿಲ್ಲಾ ಕೇಂದ್ರವಾದ ಅನಂತಪುರ ಸುಮಾರು ಅದರ ಇಮ್ಮಡಿ. ಮೂರು ಕಡೆಯಿಂದ ಕರ್ನಾಟಕ ಸುತ್ತುವರಿದಿರುವ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಲ್ಲಿನ ಕನ್ನಡ ಕುಟುಂಬವೊಂದು ಬಳ್ಳಾರಿಗೋ ಬೆಂಗಳೂರಿಗೋ ಹೋದರೆ ಮಾತು ತಿಳಿಯುತ್ತದೆ, ಆದರೆ ಕೈಲಿರುವ ಆಂಧ್ರದ ಆರೋಗ್ಯ ಕಾರ್ಡು ನಡೆಯುವುದೋ ಇಲ್ಲವೋ ಎಂಬ ಚಿಂತೆ. ಅನಂತಪುರಕ್ಕೆ ಹೋದರೆ ಕಾರ್ಡು ನಡೆಯುತ್ತದೆ, ಆದರೆ ಎದುರಿಗೆ ಬರುವ ಒಪ್ಪಿಗೆಪತ್ರ ತೆಲುಗಿನದೋ ಇಂಗ್ಲಿಷಿನದೋ ಆಗಿರುತ್ತದೆ. ಸಂತೆಯಲ್ಲಿ ತೆಲುಗು ಮಾತಾಡುವವರಾದರೂ ಕನ್ನಡ ಶಾಲೆಯಲ್ಲಿ ಕಲಿತ ತಾಯಿಗೆ ಆಸ್ಪತ್ರೆಯ ತೆಲುಗು ಬರೆಹ ದಕ್ಕುವುದಿಲ್ಲ.

ಇದು ನಮ್ಮದೇ ಕಥೆ. ದಕ್ಷಿಣಕ್ಕೆ ಹೋದರೆ ಮಲೆಯಾಳದ ಕಾಗದ, ಉತ್ತರದಲ್ಲಿ ಮಂಗಳೂರಿಗೆ ಹೋದರೆ ಗಡಿ. 2020ರ ಮಾರ್ಚಿಯಲ್ಲಿ ತಲಪಾಡಿಯ ದಾರಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ಇಲ್ಲಿ ಯಾರೂ ಮರೆತಿಲ್ಲ.

ಅರ್ಥವಾಗದೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಚಿಕಿತ್ಸೆಯ ಸ್ವರೂಪ, ಬೇರೆ ದಾರಿಗಳು, ಅಪಾಯಗಳು ಇವನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ರೋಗಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು ಹೇಳುತ್ತದೆ. ಆದುದರಿಂದ ಗಡಿ ಜಿಲ್ಲೆಗಳ ಸರಕಾರಿ ಆಸ್ಪತ್ರೆಗಳಲ್ಲಿ ಕನ್ನಡದ ಒಪ್ಪಿಗೆಪತ್ರವನ್ನೂ, ಕನ್ನಡ ಬಲ್ಲ ಒಬ್ಬ ನೌಕರರನ್ನೂ ಒದಗಿಸಬೇಕೆಂದು ಕೇರಳ, ಆಂಧ್ರ ಸರಕಾರಗಳನ್ನು ನಾವು ಒತ್ತಾಯಿಸುತ್ತೇವೆ. ಕರ್ನಾಟಕ ಸರಕಾರವೂ ಗಡಿಯಾಚೆಯ ಕನ್ನಡಿಗರ ಕಾರ್ಡುಗಳು ತನ್ನ ಆಸ್ಪತ್ರೆಗಳಲ್ಲಿ ನಡೆಯುವಂತೆ ನೆರೆಯ ಸರಕಾರಗಳೊಡನೆ ಮಾತಾಡಬೇಕು.

ಅಷ್ಟರವರೆಗೆ ಹೆತ್ತವರು ರುಜುವಿಗೆ ಮೊದಲು ಐದು ಪ್ರಶ್ನೆಗಳನ್ನು ಕೇಳಲಿ: ಎಷ್ಟು ಜಾರಿದೆ? ಯಾವ ಚಿಕಿತ್ಸೆ, ಅದೇ ಏಕೆ? ತಲೆ ಸಾಯುವ ಅಪಾಯವೆಷ್ಟು? ಮತ್ತೊಂದು ಪಕ್ಕಕ್ಕೆ ಏನು ಮಾಡುವಿರಿ? ಕಾಲೂರುವುದು ಯಾವಾಗ? ಶಾಲೆಗಳಿಗೂ ಒಂದು ಕೆಲಸವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ಶಾಲೆಗೆ ಬಂದಾಗ ಹಲ್ಲು, ಕಣ್ಣುಗಳ ಜೊತೆಗೆ ಕುಂಟುವ ಮಗುವನ್ನೂ ಅವರ ಮುಂದೆ ನಡೆಯಿಸಿ ತೋರಿಸಬೇಕು. ಡ್ರಿಲ್ ಸಾಲಿನಲ್ಲಿ ಹಿಂದುಳಿದ ಹುಡುಗನನ್ನು ಗದರಿಸುವ ಮೊದಲು ಅವನ ಪಾದ ಯಾವ ಕಡೆಗೆ ತಿರುಗಿದೆಯೆಂದು ನೋಡಬೇಕು. ಒಂದು ಮೊಳೆಯಲ್ಲಿ ಮುಗಿಯುವುದು ಎಲುಬು ಕತ್ತರಿಸುವವರೆಗೆ ಬೆಳೆಯದಂತೆ ತಡೆಯುವುದು ಎಷ್ಟೋ ಸಲ ಆ ಒಂದು ನೋಟದಿಂದ ಸಾಧ್ಯ.