ಕಲಿಸುವ ಟೀಚರಮ್ಮನಿಗೆ ತಿಂಗಳಿಗೆ ಅರ್ಧ ದಿನ ಕೊಡಿ

ಯಾದಗಿರಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಬಹಿರಂಗ ಪತ್ರ



2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪೋಷಣ್ ಟ್ರ್ಯಾಕರ್ ಆ್ಯಪ್ ತಂದ ಮೇಲೆ ಅಂಗನವಾಡಿಯ ಲೆಕ್ಕವೆಲ್ಲ ಮೊಬೈಲಿಗೆ ಬಂತು. ಮಕ್ಕಳ ಹಾಜರಿ, ತೂಕ, ಎತ್ತರ ಎಲ್ಲವೂ ಅದರಲ್ಲೇ. 2025ರ ಜುಲೈನಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರಕ್ಕೆ ಫಲಾನುಭವಿಯ ಮುಖ ಗುರುತಿಸುವುದೂ ಕಡ್ಡಾಯವಾಯಿತು. ಶಹಾಪುರ, ಸುರಪುರದ ಕಡೆಯ ಗುಳೆ ಹೋಗುವ ಊರುಗಳಲ್ಲಿ ಇದು ಸುಲಭವಲ್ಲ. ಬಾಣಂತಿ ಅಂಗನವಾಡಿಗೆ ಬಂದಿರುತ್ತಾಳೆ, ಆಧಾರ್‌ಗೆ ಜೋಡಿಸಿದ ನಂಬರು ಬೆಂಗಳೂರಿನಲ್ಲಿ ದುಡಿಯುವ ಗಂಡನದು. ಮುಖ ಗುರುತಿನ ನೋಂದಣಿಗೆ ಬೇಕಾದ ಒಟಿಪಿ ಅವನ ಫೋನಿಗೆ ಹೋಗುತ್ತದೆ. ಅವನು ಕೆಲಸ ಬಿಟ್ಟು ಫೋನ್ ಎತ್ತುವಷ್ಟರಲ್ಲಿ ಅದರ ಅವಧಿಯೇ ಮುಗಿದಿರುತ್ತದೆ.

ಇಂಥ ಹೊತ್ತಿನಲ್ಲಿ ಅಂಗನವಾಡಿ ಕಾರ್ಯಕರ್ತೆಗೆ ಮೊದಲು ನೆನಪಾಗುವವಳು ಪಕ್ಕದೂರಿನ ಅಂಗನವಾಡಿಯ ಟೀಚರಮ್ಮ.

ಅಳತೆಯ ವಿಷಯವೂ ಹಾಗೆಯೇ. ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ ಅಳೆಯಬೇಕು, ಎರಡು ದಾಟಿದ ಮಗುವನ್ನು ನಿಲ್ಲಿಸಿ. ಹಿಮ್ಮಡಿ ಹಲಗೆಗೆ ತಾಗಿರಬೇಕು, ತೂಗುವಾಗ ದಪ್ಪ ಬಟ್ಟೆ ಇರಬಾರದು. ಒಂದು ಅಂಕಿ ತಪ್ಪಿದರೆ ತೀವ್ರ ಅಪೌಷ್ಟಿಕತೆಯ ಮಗು ಆ್ಯಪ್‌ನಲ್ಲಿ ಆರೋಗ್ಯವಂತ ಎಂದು ತೋರಬಹುದು. ಸಭಾಂಗಣದ ಪರದೆಯ ಮೇಲೆ ನೋಡಿ ಇದು ಕೈಗೆ ಹತ್ತುವುದಿಲ್ಲ. ಅಳುವ ಮಗುವಿನ ಮೊಣಕಾಲು ಹಿಡಿದು ತೋರಿಸುವ ಜೊತೆಗಾತಿ ಬೇಕು.

ಇಂಥ ಜೊತೆಗಾತಿಯನ್ನು ಕೊಡಬಲ್ಲದ್ದು ನೌಕರರ ಸಂಘ. ಸಂಘ ಎಂದರೆ ಕಚೇರಿಗಳಿಗೆ ನೆನಪಾಗುವುದು ಧರಣಿ ಮತ್ತು ಮನವಿಪತ್ರ. ಆದರೆ ಅಂಗನವಾಡಿ ನೌಕರರು ಗ್ರಾಚ್ಯುಟಿಗೆ ಅರ್ಹರೆಂದು 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ, ಆ ತೀರ್ಪನ್ನು ಬಿಡಿಸಿ ಹೇಳಬೇಕಾದವರೂ ಸಂಘದವರೇ ಅಲ್ಲವೇ? ಸಂಘ ಸದಸ್ಯರಿಗೆ ಪಾಠಶಾಲೆಯೂ ಹೌದು.

ಇದೇನೂ ಹೊಸದಲ್ಲ. 1958ರಲ್ಲಿ ಆರಂಭವಾದ ಕೇಂದ್ರೀಯ ಕಾರ್ಮಿಕ ಶಿಕ್ಷಣ ಮಂಡಳಿ, ಸಂಘಗಳು ಆರಿಸಿ ಕಳಿಸಿದ ಕಾರ್ಮಿಕರನ್ನೇ ಶಿಕ್ಷಕರಾಗಿ ತಯಾರು ಮಾಡುತ್ತಿತ್ತು. ಅವರು ಮರಳಿ ಹೋಗಿ ಜೊತೆಯವರಿಗೆ ತರಗತಿ ನಡೆಸುತ್ತಿದ್ದರು. ಬ್ರಿಟನ್ನಿನಲ್ಲಿ 2003ರಿಂದ ಸಂಘದ ಕಲಿಕಾ ಪ್ರತಿನಿಧಿಗಳಿಗೆ ಈ ಕೆಲಸಕ್ಕಾಗಿ ಸಂಬಳಸಹಿತ ಬಿಡುವು ಪಡೆಯುವ ಹಕ್ಕು ಕಾನೂನಿನಲ್ಲೇ ಇದೆ. ಯಾದಗಿರಿಗೆ ಇದರ ಅಗತ್ಯ ಇನ್ನೂ ಹೆಚ್ಚು. 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕನಿಷ್ಠ. ಫೋನಿಗೆ ಬಂದ ಸಂದೇಶ ಓದಲಾರದ ತಾಯಂದಿರ ಪರವಾಗಿ ಅದನ್ನು ಓದುವವಳೂ ಕಾರ್ಯಕರ್ತೆಯೇ.

ಸ್ವಇಚ್ಛೆಯಿಂದ ಕಲಿಸುವುದೆಂದರೆ ಕೈಯಿಂದ ಬಸ್‌ಚಾರ್ಜು ಹಾಕಿಕೊಂಡು, ಮನೆಗೆಲಸ ಮುಗಿಸಿ, ರಾತ್ರಿ ಫೋನಿನಲ್ಲಿ ಹೇಳಿಕೊಡುವುದು ಎಂದಾಗಬಾರದು. ಗೌರವಧನದಲ್ಲಿ ಬದುಕುವವರಿಂದ ಅಷ್ಟು ಕೇಳುವುದು ನ್ಯಾಯವಲ್ಲ.

ಆದ್ದರಿಂದ ಪ್ರತಿ ವಲಯಕ್ಕೆ, ಜೊತೆಯವರಿಗೆ ಕಲಿಸುವ ಒಬ್ಬ ಕಲಿಕಾ ಸಂಗಾತಿಯನ್ನು ಸಂಘಗಳೇ ಆರಿಸಲಿ. ತಿಂಗಳಿಗೆ ಅರ್ಧ ದಿನವನ್ನು ಕರ್ತವ್ಯವೆಂದೇ ಪರಿಗಣಿಸಿ, ಪ್ರಯಾಣದ ಖರ್ಚು ಕೊಡಿ. ಆ ಕಲಿಕೆಯಲ್ಲಿ ತಪ್ಪು ಒಪ್ಪಿಕೊಂಡು ಕಲಿತವರಿಗೆ ನೋಟಿಸ್ ಹೋಗದಂತೆ ನೋಡಿಕೊಳ್ಳಿ. ಮುಂದಿನ ಪ್ರಗತಿ ಪರಿಶೀಲನಾ ಸಭೆಗೆ ಯಾದಗಿರಿ, ಶಹಾಪುರ, ಸುರಪುರದ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ (ಸಿಡಿಪಿಓ) ಜೊತೆ ಸಂಘದ ಪದಾಧಿಕಾರಿಗಳನ್ನೂ ಕರೆದು, ಅಲ್ಲಿಯೇ ಈ ಆದೇಶ ಹೊರಡಿಸಬೇಕೆಂದು ವಿನಂತಿ.